ನಮ್ಮ ಹಿಂಡಿ (ಚಟ್ನಿಪುಡಿ) ಪಾಕೀಟಿನ ಹೆಸರನ್ನೇ ಇನ್ನೊಬ್ಬರು ಹಾಕಿಕೊಂಡಿದ್ದಾರೆ, ಈಗ ಟ್ರೇಡ್‌ಮಾರ್ಕ್ ಮಾಡಿಸಿದರೆ ಉಪಯೋಗ ಇದೆಯಾ?

ರೊಟ್ಟಿಬುಟ್ಟಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತೇವೆ. ನಾನು, ಇಬ್ಬರು ನಾದಿನಿಯರು, ಕೆಲಸ ಜಾಸ್ತಿ ಇದ್ದಾಗ ಓಣಿಯ ಹೆಂಗಸರು ನಾಲ್ಕೈದು ಜನ. 2019ರಲ್ಲಿ ಶುರು ಮಾಡಿದ್ದು. ಪಾಕೀಟಿನ ಮೇಲೆ ನಮ್ಮ ಅತ್ತೆಯ ಅಡ್ಡಹೆಸರು ಇದೆ, ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಆ ಹೆಸರು ಇಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ಏನೆಂದರೆ, ನಮ್ಮಿಂದ ಸಗಟಿನಲ್ಲಿ ಹಿಂಡಿ ಒಯ್ಯುತ್ತಿದ್ದ ಒಬ್ಬ ವ್ಯಾಪಾರಿ ದೀಪಾವಳಿ ಆದ ಮೇಲೆ ಒಯ್ಯುವುದು ನಿಲ್ಲಿಸಿದರು. ಈಗ ಅವರೇ ಪಾಕೀಟು ಮಾಡಿಸಿದ್ದಾರೆ. ಅದೇ ಹೆಸರು, ಒಂದು ಅಕ್ಷರಕ್ಕೆ ದೀರ್ಘ ಎಳೆದಿದ್ದಾರೆ ಅಷ್ಟೇ. ಅದೇ ಹಳದಿ ಕವರು, ಅದೇ ಕೆಂಪು ಅಕ್ಷರ, ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ ಕೂಡ. ಪುಣೆಯಲ್ಲಿರುವ ನಮ್ಮ ಗಿರಾಕಿ ಫೋನ್ ಮಾಡಿ 'ಈ ಸಲ ಹಿಂಡಿ ಕಮಟು ವಾಸನೆ ಬರುತ್ತಿದೆ' ಅಂದಾಗಲೇ ನಮಗೆ ಗೊತ್ತಾಯಿತು. ಅದು ನಮ್ಮ ಹಿಂಡಿಯೇ ಅಲ್ಲ!

ನಮ್ಮ ಹತ್ತಿರ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಜಿಎಸ್‌ಟಿ ಇಲ್ಲ. ಇವೆಲ್ಲ ಇದ್ದರೆ ಹೆಸರು ನಮ್ಮದೇ ಅಂತ ಆಗುವುದಿಲ್ಲವಾ? ಟ್ರೇಡ್‌ಮಾರ್ಕ್ ಮಾಡಿಸಲು 25 ಸಾವಿರ ಬೇಕು ಅಂತ ಒಬ್ಬರು ಹೇಳಿದರು. ಅಷ್ಟು ಹಾಕಿದರೆ ದಂಡವಾ? ತಿಳಿದವರು ಹೇಳಿ.

ಗಂಜ್ ಹುಡುಗ

ಸುಮ್ನೆ ದುಡ್ಡು ಹಾಳು. ನಮ್ಮ ನೆಹರು ಗಂಜ್‌ನಲ್ಲಿ ಶರಣಬಸವೇಶ್ವರ ಟ್ರೇಡರ್ಸ್ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ ಗೊತ್ತಿಲ್ಲ. ಯಾರೂ ಯಾರ ಮೇಲೂ ಕೇಸು ಹಾಕಿಲ್ಲ. ಮಾಲು ಚೆನ್ನಾಗಿದ್ದರೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ.

ಕಪ್ಪುಕೋಟು, ಕಲಬುರಗಿ

ಗಂಜ್ ಲೆಕ್ಕ ಬೇರೆ. ಅಲ್ಲಿ ಕೊಳ್ಳುವವನು ತೊಗರಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾನೆ, ಅಡತಿಯವರ ಮುಖ ನೋಡುತ್ತಾನೆ. ಪುಣೆಯಲ್ಲಿ ಕೂತು ಕೊರಿಯರ್‌ನಲ್ಲಿ ತರಿಸುವವರಿಗೆ ಕಾಣುವುದು ಪಾಕೀಟಿನ ಹೆಸರು ಒಂದೇ. ಅದನ್ನೇ ಕಿತ್ತುಕೊಂಡರೆ ಮಾಲು ಎಷ್ಟು ಚೆನ್ನಾಗಿದ್ದರೂ ಅವರು ನಿಮ್ಮ ತನಕ ಬರುವುದಾದರೂ ಹೇಗೆ?

ರೊಟ್ಟಿಬುಟ್ಟಿ ಅವರೇ, ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಮಾರುವವರ ದಾಖಲೆ. ಉದ್ಯಮ್ ಅಂದರೆ ನಿಮ್ಮದು ಸಣ್ಣ ಉದ್ಯಮ ಅನ್ನುವ ದಾಖಲೆ. ಜಿಎಸ್‌ಟಿ ತೆರಿಗೆಗೆ. ಇವುಗಳಲ್ಲಿ ಯಾವುದೂ ಹೆಸರಿನ ಒಡೆತನ ಕೊಡುವುದಿಲ್ಲ. ಕಂಪನಿ ಮಾಡಿ ಅದೇ ಹೆಸರು ಇಟ್ಟರೂ ಅಷ್ಟೇ. ಹೆಸರಿನ ಹಕ್ಕಿಗೆ ಇರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಆದರೂ ಆ ಕಾಗದಗಳನ್ನು ಜೋಪಾನ ಮಾಡಿ. ನೀವು ಎಂದಿನಿಂದ ವ್ಯಾಪಾರ ಮಾಡುತ್ತಿದ್ದೀರಿ ಅಂತ ತೋರಿಸಲು ಬೇಕಾಗುತ್ತವೆ.

ಸರ್ಕಾರಿ ಶುಲ್ಕ 25 ಸಾವಿರ ಅಲ್ಲ. ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮ ಆದರೆ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ, ಉಳಿದವರಿಗೆ 9,000. ಅದು ಒಂದು ಹೆಸರಿಗೆ, ಒಂದು ವರ್ಗಕ್ಕೆ. ಉಳಿದದ್ದು ಮಾಡಿಸಿಕೊಡುವವರ ಫೀಜು, ಅದನ್ನು ಚೌಕಾಸಿ ಮಾಡಬಹುದು. ನೋಂದಣಿ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 10 ವರ್ಷ, ಆಮೇಲೆ ಮತ್ತೆ ಮತ್ತೆ ನವೀಕರಿಸಬಹುದು.

ಬಿಳಿಜೋಳ

ವರ್ಗ ಅಂದರೆ ಏನು ಸರ್? ನಮ್ಮದೂ ಆಳಂದದಲ್ಲಿ ಉಪ್ಪಿನಕಾಯಿ ಮತ್ತು ಹಿಂಡಿ ಇದೆ.

ಕಪ್ಪುಕೋಟು, ಕಲಬುರಗಿ

ಸರಕು ಮತ್ತು ಸೇವೆಗಳನ್ನು 45 ವರ್ಗ ಮಾಡಿದ್ದಾರೆ. 1ರಿಂದ 34 ಸರಕು, 35ರಿಂದ 45 ಸೇವೆ. ರೊಟ್ಟಿ, ಹಿಟ್ಟು, ಮಸಾಲೆ, ಹಿಂಡಿ 30ರಲ್ಲಿ ಬರುತ್ತವೆ. ಉಪ್ಪಿನಕಾಯಿ 29. ಖಾನಾವಳಿ 43. ನಿಮಗೆ ಎರಡು ವರ್ಗ ಬೇಕು, ಅಂದರೆ 9,000. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಯಾವುದು ಜಾಸ್ತಿ ಮಾರಾಟ ಆಗುತ್ತದೋ ಅದಕ್ಕೆ ಮೊದಲು ಹಾಕಿ. ಮುಂದೆ ಚಾಕಲೇಟ್ ಮಾಡಬಹುದು, ಹೋಟೆಲ್ ತೆರೆಯಬಹುದು ಅಂತ ಇಲ್ಲದ ವರ್ಗಕ್ಕೆಲ್ಲ ಹಾಕಲು ಹೋಗಬೇಡಿ. ನೋಂದಣಿ ಆಗಿ 5 ವರ್ಷ ದಾಟಿದರೂ ಬಳಸದೇ ಬಿಟ್ಟರೆ ತೆಗೆಸಿಹಾಕಿ ಅಂತ ಅದರಿಂದ ಬಾಧೆಗೊಳಗಾದವರು ಅರ್ಜಿ ಹಾಕಬಹುದು.

ತೊಗರಿ ಲೆಕ್ಕ, ಸೇಡಂ

ನಾನು ಲೆಕ್ಕಪತ್ರದ ಕೆಲಸ ಮಾಡುವವನು, ಈ ಅರ್ಜಿಗಳನ್ನೂ ನೋಡಿದ್ದೇನೆ. ನನ್ನ ಪ್ರಕಾರ ಇಲ್ಲಿ ಹೆಸರು ಮಾಡಿಸಬೇಕಾ ಬೇಡವಾ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ 2019ಕ್ಕೆ ಸಾಕ್ಷಿ ಏನಿದೆ ಅನ್ನುವುದು.

ಅರ್ಜಿಯಲ್ಲಿ ಒಂದು ಕಡೆ ಈ ಹೆಸರನ್ನು ಯಾವ ದಿನದಿಂದ ಬಳಸುತ್ತಿದ್ದೀರಿ ಅಂತ ಕೇಳುತ್ತದೆ. ಇಂಟರ್ನೆಟ್‌ನಲ್ಲಿ ಅಗ್ಗದ ಪ್ಯಾಕೇಜ್ ಮಾರುವವರು ಅಲ್ಲಿ 'ಪ್ರೊಪೋಸ್ಡ್ ಟು ಬಿ ಯೂಸ್ಡ್' ಅಂತ ಗುರುತು ಹಾಕಿ ಕೈ ತೊಳೆದುಕೊಳ್ಳುತ್ತಾರೆ, ಅಂದರೆ ಇನ್ನೂ ಬಳಸಿಲ್ಲ, ಮುಂದೆ ಬಳಸುತ್ತೇವೆ ಅಂತ. ಅವರಿಗೆ ಅದು ಸಲೀಸು, ಯಾಕೆಂದರೆ ಬಳಕೆ ದಿನಾಂಕ ಹಾಕಿದರೆ ಅಫಿಡವಿಟ್ ಮಾಡಿಸಬೇಕು, ಜೊತೆಗೆ ಬಿಲ್ಲು ಲಗತ್ತಿಸಬೇಕು. ಆದರೆ ವರ್ಷಗಟ್ಟಲೆ ದುಡಿದು ಹೆಸರು ಮಾಡಿದವರು ನಾವಿನ್ನೂ ಶುರುವೇ ಮಾಡಿಲ್ಲ ಅಂತ ಬರೆದುಕೊಟ್ಟಂತೆ ಆಗುತ್ತದೆ. ಆಮೇಲೆ ಆ ದಿನಾಂಕವನ್ನು ತಿದ್ದಲು ಬಿಡುವುದಿಲ್ಲ. ಅರ್ಜಿ ಕಳಿಸುವ ಮೊದಲು ಕರಡು ತರಿಸಿಕೊಂಡು ಆ ಒಂದು ಸಾಲನ್ನು ನೀವೇ ಓದಿ.

ಇನ್ನು ಬಿಲ್ಲು. ನಮ್ಮ ಕಡೆ ವ್ಯಾಪಾರ ಗೊತ್ತಲ್ಲ, ಅರ್ಧ ಬಿಲ್ಲು ಚೀಟಿಯಲ್ಲಿ, ಉಳಿದರ್ಧ ಬಾಯಿ ಮಾತಿನಲ್ಲಿ. ಪಕ್ಕಾ ಬಿಲ್ಲು ಇದ್ದರೂ ಅದರಲ್ಲಿ 'ಹಿಂಡಿ 10 ಕೆಜಿ' ಅಂತ ಇರುತ್ತದೆ, ಬ್ರ್ಯಾಂಡ್ ಹೆಸರು ಇರುವುದಿಲ್ಲ. ಹಾಗಿದ್ದರೆ ನೀವು ಹಿಂಡಿ ಮಾರಿದ್ದಕ್ಕೆ ಸಾಕ್ಷಿ ಸಿಕ್ಕಿತು, ಆ ಹೆಸರಲ್ಲಿ ಮಾರಿದ್ದಕ್ಕೆ ಸಿಗಲಿಲ್ಲ. ಕವರು ಅಚ್ಚು ಹಾಕಿಸಿದ ಪ್ರಿಂಟರ್ ಬಿಲ್ಲು ಹುಡುಕಿ. ಹೆಸರು, ತಾರೀಕು ಎರಡೂ ಅದರಲ್ಲಿ ಇದ್ದರೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಮೇಳದಲ್ಲಿ ಸ್ಟಾಲ್ ಹಾಕಿದ್ದರೆ ಫೋಟೊ ಮತ್ತು ಸ್ಟಾಲ್ ರಸೀದಿ, ಕೊರಿಯರ್ ಚೀಟಿ, ವಾಟ್ಸಾಪ್‌ನಲ್ಲಿ ಬಂದ ಹಳೆಯ ಆರ್ಡರ್, ಫೇಸ್‌ಬುಕ್‌ನಲ್ಲಿ ಹಾಕಿದ ಹಳೆಯ ಪೋಸ್ಟ್, ಎಲ್ಲ ಒಂದು ಫೈಲ್ ಮಾಡಿ. ಫೋನ್ ಬದಲಿಸುವವರಿದ್ದರೆ ಇವತ್ತು ಬದಲಿಸಬೇಡಿ!

ರೊಟ್ಟಿಬುಟ್ಟಿ, ಕಲಬುರಗಿ

ಪ್ರಿಂಟರ್ ಬಿಲ್ಲು 2020ರದ್ದು ಇದೆ, ಹೆಸರೂ ಇದೆ. ಅದಕ್ಕೂ ಮೊದಲು ಕೈಯಿಂದ ಬರೆದ ಚೀಟಿ ಅಂಟಿಸುತ್ತಿದ್ದೆವು. 2019ರ ವಾಟ್ಸಾಪ್ ಆರ್ಡರ್ ನಾದಿನಿಯ ಫೋನಲ್ಲಿ ಇವೆ ಅಂತ ಕಾಣುತ್ತದೆ.

ಇನ್ನೊಂದು ಪ್ರಶ್ನೆ. ಅರ್ಜಿಯನ್ನು ಯಾರ ಹೆಸರಲ್ಲಿ ಹಾಕಬೇಕು? ನಮ್ಮ ಮನೆಯವರು ನನ್ನ ಹೆಸರಲ್ಲೇ ಹಾಕಿಬಿಡೋಣ, ಓಡಾಡುವವನು ನಾನೇ ಅಲ್ವಾ ಅನ್ನುತ್ತಾರೆ.

ಬಿಳಿಜೋಳ

ಅಕ್ಕ, ರೊಟ್ಟಿ ಬಡಿಯುವವರು ನೀವು ಮೂವರು, ಹೆಸರು ಅವರದಾ? ಚೆನ್ನಾಗಿದೆ.

ತೊಗರಿ ಲೆಕ್ಕ, ಸೇಡಂ

ಬಿಳಿಜೋಳ ನಗುತ್ತಾ ಹೇಳಿದರೂ ಮಾತು ಸರಿ. ಟ್ರೇಡ್‌ಮಾರ್ಕ್ ಆಸ್ತಿ ಇದ್ದ ಹಾಗೆ, ಮಾರಬಹುದು, ಬರೆದುಕೊಡಬಹುದು. ವ್ಯಾಪಾರ ಯಾರದೋ ಅವರ ಹೆಸರಲ್ಲೇ ಇರಬೇಕು. ಎಫ್‌ಎಸ್‌ಎಸ್‌ಎಐ, ಉದ್ಯಮ್, ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲಿ ಇದ್ದು ಅರ್ಜಿ ಮಾತ್ರ ಗಂಡನ ಹೆಸರಲ್ಲಿ ಹೋದರೆ, ಬಳಸಿದವರು ಒಬ್ಬರು, ಕೇಳುವವರು ಇನ್ನೊಬ್ಬರು ಅಂತ ಎದುರಿನವರೇ ಮೊದಲು ತಕರಾರು ತೆಗೆಯುತ್ತಾರೆ. ಮೂವರೂ ಪಾಲುದಾರರು ಅಂತಾದರೆ ಮೊದಲು ಪಾಲುದಾರಿಕೆ ಪತ್ರ ಮಾಡಿಸಿ, ಅರ್ಜಿಯಲ್ಲಿ ಮೂವರ ಹೆಸರೂ ಬರಲಿ. ಈಗ ಎಲ್ಲರೂ ಒಂದೇ ಒಲೆ ಮುಂದೆ ಕೂತಿದ್ದೀರಿ, ಸಂತೋಷ. ನಾಳೆ ಯಾರಾದರೂ ಬೇರೆ ಆದಾಗ ಜಗಳ ಬರುವುದು ರೊಟ್ಟಿಗಲ್ಲ, ಆ ಹೆಸರಿಗೆ. ಮಹಿಳಾ ಸ್ವಸಹಾಯ ಸಂಘಗಳಲ್ಲೂ ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ.

ಕಪ್ಪುಕೋಟು, ಕಲಬುರಗಿ

ಅತ್ತೆಯ ಹೆಸರು ಅಂದಿರಿ. ಅವರು ಇದ್ದಾರಾ? ಬದುಕಿರುವವರ ಹೆಸರು, ಅಥವಾ ತೀರಿಹೋಗಿ 20 ವರ್ಷ ಆಗದವರ ಹೆಸರು ಆದರೆ ರಿಜಿಸ್ಟ್ರಾರ್ ಒಪ್ಪಿಗೆ ಪತ್ರ ಕೇಳಬಹುದು. ಅವರು ಇದ್ದರೆ ಅವರ ಸಹಿ, ಇಲ್ಲದಿದ್ದರೆ ಮಕ್ಕಳ ಸಹಿ. ಓಡಾಡಲು ಸಿದ್ಧ ಇರುವ ನಿಮ್ಮ ಮನೆಯವರಿಗೆ ಈ ಕೆಲಸ ಕೊಡಿ.

ಮಲಪುರಿ ಪ್ರಿಯ

ಒಂದು ಅನುಮಾನ. ಇಷ್ಟೆಲ್ಲ ಯಾಕೆ, 'ಕಲಬುರಗಿ ಹಿಂಡಿ' ಅಂತಲೇ ಮಾಡಿಸಿಕೊಂಡರೆ? ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿತಲ್ಲ, ಹೊರಗೂ ಹೆಸರಾಯಿತು.

ಕಪ್ಪುಕೋಟು, ಕಲಬುರಗಿ

ಊರ ಹೆಸರು, ಪದಾರ್ಥದ ಹೆಸರು ಎರಡನ್ನೂ ಕೂಡಿಸಿದರೆ ಅದು ಊರಿನ ಎಲ್ಲರ ಮಾತು. ಕಾಯ್ದೆಯ 9ನೇ ಕಲಮು ಹೇಳುವುದು ಅದನ್ನೇ. ಸರಕು ಏನು, ಎಲ್ಲಿಯದು, ಎಂಥದ್ದು ಅಂತ ಬರೀ ವರ್ಣಿಸುವ ಪದ ಒಬ್ಬರಿಗೇ ಸೇರುವುದಿಲ್ಲ. 'ಶುದ್ಧ', 'ರುಚಿ', 'ಮನೆ ಊಟ', 'ನಂ. 1' ಇವೂ ಹಾಗೇ. ವರ್ಷಗಟ್ಟಲೆ ಬಳಸಿ ಜನ ಆ ಮಾತು ಕೇಳಿದರೆ ನಿಮ್ಮನ್ನೇ ನೆನೆಯುವ ಹಾಗಾಗಿದ್ದರೆ ವಿನಾಯಿತಿ ಇದೆ, ಆದರೆ ಅದನ್ನು ರುಜುವಾತು ಮಾಡುವುದು ಸಣ್ಣವರಿಗೆ ಭಾರ. ರೊಟ್ಟಿಬುಟ್ಟಿ ಅವರ ಅಡ್ಡಹೆಸರು ಈ ಲೆಕ್ಕದಲ್ಲಿ ಬಲವಾದ ಹೆಸರು. ಹಿಂಡಿಗೂ ಅದಕ್ಕೂ ಸಂಬಂಧವೇ ಇಲ್ಲ ನೋಡಿ.

ಖಾನಾವಳಿ, ಶಹಾಪುರ

ಅಂದರೆ ದೇವರ ಹೆಸರು ಕೂಡ ಬೇಡ ಅಂತಾಯಿತಾ? ಯಾದಗಿರಿ ಜಿಲ್ಲೆಯಲ್ಲಿ ಬಸವೇಶ್ವರ ಖಾನಾವಳಿ ಇಲ್ಲದ ಊರು ತೋರಿಸಿ. ನಮ್ಮದೂ ಅದೇ. ಬೋರ್ಡಿನಲ್ಲಿ ಎತ್ತಿನ ಚಿತ್ರ ಹಾಕಿಸಿದ್ದೇವೆ.

ಕಪ್ಪುಕೋಟು, ಕಲಬುರಗಿ

ಬೋರ್ಡ್ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಬೇರೆಯವರು ಹಾಕಬಾರದು ಅಂತ ತಡೆಯುವುದು ಆಗದು ಅಷ್ಟೇ. 2015ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಊದಿನಕಡ್ಡಿಗೆ 'ರಾಮಾಯಣ' ಅನ್ನುವ ಹೆಸರು ಬಂದಿತ್ತು. ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ಗುತ್ತಿಗೆ ಹಿಡಿಯಲು ಆಗದು ಅಂತ ಕೋರ್ಟ್ ಹೇಳಿತು. ದೇವರ ಹೆಸರೆಲ್ಲ ನಿಷಿದ್ಧ ಅಂತ ಇದರ ಅರ್ಥ ಅಲ್ಲ, ಆದರೆ ನೋಂದಣಿ ಸಿಕ್ಕರೂ ಅದರ ಬಲ ಕಡಿಮೆ. ನಿಮ್ಮ ಎತ್ತಿನ ಚಿತ್ರ ಬೇರೆ ಯಾರದೂ ಹಾಗಿಲ್ಲದಿದ್ದರೆ ಹೆಸರು ಮತ್ತು ಚಿತ್ರ ಸೇರಿದ ಲೋಗೊವನ್ನು 43ನೇ ವರ್ಗದಲ್ಲಿ ಹಾಕಿ. ಸಿಗುವ ರಕ್ಷಣೆ ಆ ಲೋಗೊಗೆ.

ಖಾನಾವಳಿಯವರಿಗೆ ನಂದಿನಿ ಕೇಸೂ ಗೊತ್ತಿರಲಿ. ಕೆಎಂಎಫ್ ಹಾಲಿನ 'ನಂದಿನಿ' 1985ರಿಂದ ಇದೆ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಿಂದ. ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರಲ್ಲಿ ಹೋಟೆಲಿನವರ ಕಡೆ ತೀರ್ಪು ಬಂತು. ಸರಕು ಬೇರೆ, ಇಂಗ್ಲಿಷ್ ಸ್ಪೆಲಿಂಗ್ ಮತ್ತು ಲೋಗೊ ನೋಡಲು ಬೇರೆ, ಹಾಲಿನವರು ಹೋಟೆಲ್ ತಿಂಡಿಗೂ ಆ ಹೆಸರು ತಮ್ಮದೇ ಅನ್ನಲು ಆಗದು ಅಂತ.

ಗಂಜ್ ಹುಡುಗ

ನೋಡಿದಿರಾ! ಹಾಗಾದರೆ ಆ ವ್ಯಾಪಾರಿಯೂ ದೀರ್ಘ ಎಳೆದಿದ್ದೇನೆ, ಸ್ಪೆಲಿಂಗ್ ಬೇರೆ ಅಂತ ತಪ್ಪಿಸಿಕೊಳ್ಳುತ್ತಾನೆ.

ಕಪ್ಪುಕೋಟು, ಕಲಬುರಗಿ

ಇಲ್ಲ. ಅಲ್ಲಿ ಹಾಲು ಮತ್ತು ಹೋಟೆಲು, ಇಲ್ಲಿ ಹಿಂಡಿ ಮತ್ತು ಹಿಂಡಿ. ಬಾಯಲ್ಲಿ ಹೇಳಿದರೆ ಒಂದೇ ಹಾಗೆ ಕೇಳಿಸುತ್ತದೆ, ಕವರೂ ಅದೇ, ಮಾಲೂ ಅದೇ, ಗಿರಾಕಿ ಮೋಸ ಹೋಗಿದ್ದಾನೆ. ಇದಕ್ಕೆ ನೋಂದಣಿ ಇಲ್ಲದಿದ್ದರೂ ಪಾಸಿಂಗ್ ಆಫ್, ಅಂದರೆ ತನ್ನ ಮಾಲನ್ನು ನಿಮ್ಮದು ಅಂತ ನಂಬಿಸಿ ಮಾರುತ್ತಿದ್ದಾನೆ ಅಂತ ದಾವೆ ಹಾಕಬಹುದು. ಆ ಪುಣೆಯ ಗಿರಾಕಿಯ ಮಾತನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಆ ನಕಲಿ ಪಾಕೀಟು ಬಿಲ್ಲು ಸಮೇತ ಒಂದೆರಡು ಕೊಂಡು ಇಟ್ಟುಕೊಳ್ಳಿ.

ರೊಟ್ಟಿಬುಟ್ಟಿ, ಕಲಬುರಗಿ

ತಮ್ಮನನ್ನು ಕೂರಿಸಿಕೊಂಡು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿದೆ. ಹುಡುಕಲು ದುಡ್ಡಿಲ್ಲ, ಎಲ್ಲರೂ ಒಮ್ಮೆ ನೋಡಿ. ವರ್ಡ್‌ಮಾರ್ಕ್ ಅಂತ ಹಾಕಿ 30ನೇ ವರ್ಗದಲ್ಲಿ ಹುಡುಕಿದಾಗ ಏನೂ ಸಿಗಲಿಲ್ಲ. ಫೋನೆಟಿಕ್ ಅಂತ ಇನ್ನೊಂದು ಇದೆ, ಉಚ್ಚಾರದ ಮೇಲೆ ಹುಡುಕುವುದು. ಅದರಲ್ಲಿ ಸಿಕ್ಕಿತು. ಆ ಮನುಷ್ಯ ಹೋದ ತಿಂಗಳೇ ಅರ್ಜಿ ಹಾಕಿದ್ದಾನೆ! 'ಫಾರ್ಮಾಲಿಟೀಸ್ ಚೆಕ್ ಪಾಸ್' ಅಂತ ತೋರಿಸುತ್ತಿದೆ. ಬಳಕೆ ದಿನಾಂಕದ ಜಾಗದಲ್ಲಿ ನೀವು ಹೇಳಿದ ಅದೇ ಪ್ರೊಪೋಸ್ಡ್ ಅಂತ ಇದೆ. ಕೈಕಾಲು ನಡುಗುತ್ತಿವೆ. ಅವನಿಗೇ ಸಿಕ್ಕಿಬಿಡುತ್ತದಾ?

ಕಪ್ಪುಕೋಟು, ಕಲಬುರಗಿ

ಗಾಬರಿ ಬೇಡ. ಚೆಕ್ ಪಾಸ್ ಅಂದರೆ ಕಾಗದಪತ್ರ ಸರಿ ಇವೆ ಅಂತ ಮಾತ್ರ, ಹೆಸರು ಕೊಟ್ಟರು ಅಂತ ಅಲ್ಲ. ಇನ್ನೂ ಬಳಸಿಲ್ಲ ಅಂತ ಅವನೇ ಬರೆದುಕೊಟ್ಟಿರುವುದು ನಿಮಗೆ ಒಳ್ಳೆಯದೇ ಆಯಿತು.

ನಮ್ಮ ದೇಶದಲ್ಲಿ ಮೊದಲು ಅರ್ಜಿ ಹಾಕಿದವನಿಗಿಂತ ಮೊದಲು ಬಳಸಿದವನ ಹಕ್ಕು ಮೇಲು. 34ನೇ ಕಲಮಿನಲ್ಲಿ ಹಿಂದಿನಿಂದ ಬಳಸುತ್ತಿರುವವರಿಗೆ ರಕ್ಷಣೆ ಇದೆ. ವರ್ಲ್‌ಪೂಲ್ ವಾಷಿಂಗ್ ಮೆಷಿನ್ ಕೇಸಿನಲ್ಲಿ ಆಗಿದ್ದೂ ಇದೇ. ಕಂಪನಿಯ ನೋಂದಣಿ 1977ರಲ್ಲಿ ನವೀಕರಣ ಇಲ್ಲದೆ ಬಿದ್ದುಹೋಗಿತ್ತು, ಇಲ್ಲಿನ ಬೇರೆಯವರು ಆ ಹೆಸರನ್ನು ನೋಂದಣಿ ಮಾಡಿಸಿಕೊಂಡಿದ್ದರು. ಆದರೂ 1996ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಹೆಸರು ಗಳಿಸಿದವರ ಪರವಾದ ತಡೆಯಾಜ್ಞೆಯನ್ನೇ ಎತ್ತಿಹಿಡಿಯಿತು.

ಈಗ ಮಾಡುವುದು ಇಷ್ಟು. ಈ ವಾರವೇ ನಿಮ್ಮ ಅರ್ಜಿ ಹೋಗಲಿ, 2019ರ ಬಳಕೆ ದಿನಾಂಕ, ಅಫಿಡವಿಟ್, ಬಿಲ್ಲು ಸಮೇತ. ಕರ್ನಾಟಕ ಚೆನ್ನೈ ಕಚೇರಿಗೆ ಸೇರುತ್ತದೆ, ಆದರೆ ಹೋಗಬೇಕಿಲ್ಲ, ಡಿಜಿಟಲ್ ಸಹಿ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಪರೀಕ್ಷಕರು ಅವನ ಅರ್ಜಿಯನ್ನು ತೋರಿಸಿ ನಿಮ್ಮದಕ್ಕೆ ಆಕ್ಷೇಪ ಎತ್ತುವ ಸಾಧ್ಯತೆ ಜಾಸ್ತಿ. ಆ ವರದಿ ಕೈಗೆ ಬಂದ 30 ದಿನದೊಳಗೆ ಉತ್ತರ ಹೋಗಲೇಬೇಕು. ಆಮೇಲೆ ವಿಚಾರಣೆ ಇಟ್ಟರೆ ಅದು ವಿಡಿಯೊದಲ್ಲೇ.

ಎರಡನೆಯದು, ಅವನ ಅರ್ಜಿ ಮೇಲೆ ಕಣ್ಣಿಡಿ. ಅದು ಒಪ್ಪಿಗೆ ಆದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟ ಆಗುತ್ತದೆ, ಜರ್ನಲ್ ಸೋಮವಾರ ಸೋಮವಾರ ಬರುತ್ತದೆ. ಪ್ರಕಟ ಆದ 4 ತಿಂಗಳೊಳಗೆ ವಿರೋಧ ಸಲ್ಲಿಸಬೇಕು, ಆನ್‌ಲೈನ್ ಶುಲ್ಕ ವರ್ಗಕ್ಕೆ 2,700. ನಿಮ್ಮ ವಿರೋಧದ ಪ್ರತಿ ಕೈಸೇರಿದ 2 ತಿಂಗಳಲ್ಲಿ ಅವನು ಪ್ರತಿಹೇಳಿಕೆ ಕೊಡದಿದ್ದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ನಕಲು ಮಾಡುವವರು ಬಹಳ ಸಲ ಈ ಹಂತದಲ್ಲೇ ಸುಮ್ಮನಾಗುತ್ತಾರೆ, ಯಾಕೆಂದರೆ ತೋರಿಸಲು ಅವರ ಹತ್ತಿರ ಏನೂ ಇರುವುದಿಲ್ಲ. 4 ತಿಂಗಳು ಮೀರಿದರೆ ಅವಧಿ ವಿಸ್ತರಿಸುವುದಿಲ್ಲ, ಆಗ ನೋಂದಣಿ ರದ್ದು ಮಾಡಿಸುವ ಉದ್ದನೆಯ ದಾರಿ ಹಿಡಿಯಬೇಕಾಗುತ್ತದೆ.

ತೊಗರಿ ಲೆಕ್ಕ, ಸೇಡಂ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಅರ್ಜಿಯಲ್ಲಿ ನಿಮ್ಮ ಇಮೇಲ್ ಕೂಡ ಹಾಕಿಸಿ. ಏಜೆಂಟ್ ಇಮೇಲ್ ಮಾತ್ರ ಇದ್ದರೆ ಆಕ್ಷೇಪದ ವರದಿ ಅವರಿಗೆ ಹೋಗುತ್ತದೆ, ಅವರು ನೋಡದಿದ್ದರೆ 30 ದಿನ ಕಳೆದು ಅರ್ಜಿ ಸತ್ತಿರುತ್ತದೆ, ನೀವು ಇನ್ನೂ ಸರ್ಟಿಫಿಕೇಟ್ ಬರುತ್ತದೆ ಅಂತ ಕಾಯುತ್ತಿರುತ್ತೀರಿ. ಅರ್ಜಿ ಸಂಖ್ಯೆ ಹಾಕಿ ಸ್ಥಿತಿ ನೋಡುವುದು ಗ್ಯಾಸ್ ಬುಕ್ ಮಾಡಿದಷ್ಟೇ ಸುಲಭ.

ಬಿಳಿಜೋಳ

ಹೆಸರು ಮಾಡಿಸುವುದಾ, ಲೋಗೊ ಮಾಡಿಸುವುದಾ?

ಕಪ್ಪುಕೋಟು, ಕಲಬುರಗಿ

ದುಡ್ಡು ಒಂದಕ್ಕೇ ಇದ್ದರೆ, ಹೆಸರು ಗಟ್ಟಿಯಾಗಿದ್ದರೆ, ಹೆಸರು ಮೊದಲು. ಅಕ್ಷರದ ರೂಪ, ಬಣ್ಣ ಏನೇ ಬದಲಿಸಿದರೂ ಹೆಸರು ಹೆಸರೇ. ಲೋಗೊ ಹಾಕುವುದಾದರೆ ಕಪ್ಪು ಬಿಳುಪಿನಲ್ಲಿ ಹಾಕಿ, ಬಣ್ಣದ ಮಿತಿ ಹಾಕಿಕೊಳ್ಳದಿದ್ದರೆ ಎಲ್ಲ ಬಣ್ಣಕ್ಕೂ ಅನ್ವಯ ಆಗುತ್ತದೆ. ಕನ್ನಡ ಅಕ್ಷರದಲ್ಲಿ ಕೊಟ್ಟರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದುಕೊಡಬೇಕು.

ಆ ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ ಬರೆದವರು ಯಾರು? ಪ್ರಿಂಟರ್ ಅಂಗಡಿಯಲ್ಲಿ ಇಂಟರ್ನೆಟ್‌ನಿಂದ ತೆಗೆದದ್ದಾದರೆ ಅದು ನಿಮ್ಮದೂ ಅಲ್ಲ, ಅವನದೂ ಅಲ್ಲ. ಕಲಾವಿದರು ಬರೆದದ್ದಾದರೆ ಕಾಪಿರೈಟ್ ಅವರದ್ದು, ನಿಮಗೆ ಬರೆದುಕೊಟ್ಟ ಕಾಗದ ಮಾಡಿಸಿಕೊಳ್ಳಿ.

ರೊಟ್ಟಿಬುಟ್ಟಿ, ಕಲಬುರಗಿ

ಚಿತ್ರ ನಾದಿನಿಯ ಮಗಳು ಬರೆದದ್ದು. ಅವಳಿಗೆ ಸಹಿ ಹಾಕು ಅಂದರೆ ಈಗ ಹೊಸ ಫೋನ್ ಕೇಳುತ್ತಾಳೆ. ಹೆಸರಿಗೆ ಮೊದಲು ಹಾಕುತ್ತೇವೆ, ನನ್ನ ಮತ್ತು ಇಬ್ಬರು ನಾದಿನಿಯರ ಪಾಲುದಾರಿಕೆಯಲ್ಲಿ. ಪಾಕೀಟಿನ ಮೇಲೆ ಆ ಸಣ್ಣ ಗುರುತು ಈಗಲೇ ಹಾಕಬಹುದಾ?

ತೊಗರಿ ಲೆಕ್ಕ, ಸೇಡಂ

ಟಿಎಂ ಅನ್ನುವುದನ್ನು ಇವತ್ತೇ ಹಾಕಿ, ಅದಕ್ಕೆ ಅನುಮತಿ ಬೇಡ. ವೃತ್ತದೊಳಗೆ ಆರ್ ಇರುವುದನ್ನು ಮಾತ್ರ ನೋಂದಣಿ ಆಗುವ ತನಕ ಹಾಕಬೇಡಿ, ಅದು ಕಾನೂನಿಗೆ ವಿರುದ್ಧ. ಪಾಲುದಾರಿಕೆ ಹೆಸರಲ್ಲಿ ಹಾಕುವಾಗ 4,500ರ ಶುಲ್ಕ ಬೇಕಾದರೆ ಉದ್ಯಮ್ ಸರ್ಟಿಫಿಕೇಟ್ ಕೂಡ ಆ ಪಾಲುದಾರಿಕೆಯ ಹೆಸರಲ್ಲೇ ಇರಬೇಕು. ಈಗಿರುವುದು ನಿಮ್ಮೊಬ್ಬರ ಹೆಸರಲ್ಲಿದೆ, ಹೊಸದು ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. 2019ರಿಂದ ನೀವು ಮಾಡಿದ ವ್ಯಾಪಾರವನ್ನು ಹೆಸರು ಸಮೇತ ಪಾಲುದಾರಿಕೆಗೆ ಕೊಟ್ಟಿದ್ದೇನೆ ಅಂತ ಪತ್ರದಲ್ಲಿ ಒಂದು ಸಾಲು ಬರಲಿ. ಇಲ್ಲದಿದ್ದರೆ ಹಳೆಯ ಬಿಲ್ಲುಗಳ ಲಾಭ ಸಿಗುವುದು ಕಷ್ಟ.

ಕುಸುರಿ, ಬೀದರ್

ತಡವಾಗಿ ಬಂದೆ. ನಮ್ಮದು ಬಿದ್ರಿ ಕೆಲಸ, ತಂದೆಯ ಕಾಲದಿಂದ. ಆನ್‌ಲೈನ್‌ನಲ್ಲಿ ಬೇರೆ ಊರಿನ ಅಚ್ಚಿನ ಮಾಲಿಗೆ ಕಪ್ಪು ಬಣ್ಣ ಬಳಿದು ಬಿದ್ರಿ ಅಂತ ಮಾರುತ್ತಾರೆ. ಕೋಟೆಯ ಮಣ್ಣೂ ಇಲ್ಲ, ಬೆಳ್ಳಿ ತಂತಿಯೂ ಇಲ್ಲ. ನಾನು 'ಬೀದರ್ ಬಿದ್ರಿ' ಅಂತ ಟ್ರೇಡ್‌ಮಾರ್ಕ್ ಮಾಡಿಸಿದರೆ ಅವರನ್ನು ನಿಲ್ಲಿಸಬಹುದಾ? ಮತ್ತೆ ನಮ್ಮ ಕಾರ್ಖಾನೆಯ ಲೋಗೊ ಒಂದನ್ನು ಈಗಾಗಲೇ ಹಾಕಿಸಿದ್ದೇನೆ, ಅದು 'ವಿಯೆನ್ನಾ ಕೋಡಿಫಿಕೇಶನ್' ಅಂತ ನಿಂತಿದೆ. ವಿದೇಶಕ್ಕೆ ಕಳಿಸಿದ್ದಾರಾ? ಸರಿ ಮಾಡಿಸಿಕೊಡುತ್ತೇವೆ, 3 ಸಾವಿರ ಕಳಿಸಿ ಅಂತ ಯಾರೋ ಫೋನ್ ಮಾಡಿದ್ದರು.

ಕಪ್ಪುಕೋಟು, ಕಲಬುರಗಿ

ಬಿದ್ರಿ ಅನ್ನುವುದಕ್ಕೆ 2006ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಹಾಗೆ. ಜಿಐ ಅಂದರೆ ಆ ಪ್ರದೇಶದ ಎಲ್ಲ ಕುಶಲಕರ್ಮಿಗಳ ಹಕ್ಕು, ಅದನ್ನು ಒಬ್ಬರ ಟ್ರೇಡ್‌ಮಾರ್ಕ್ ಮಾಡಲು ಬಿಡುವುದಿಲ್ಲ. ಬದಲಿಗೆ ನೀವು ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಿಕೊಳ್ಳಿ. ಅದರ ಅರ್ಜಿ ಶುಲ್ಕ ಮೊದಲು 500 ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಆ ನೋಂದಣಿ ಇದ್ದರೆ ನಕಲಿ ಬಿದ್ರಿ ಮಾರುವವರ ಮೇಲೆ ನೀವೂ ಕ್ರಮಕ್ಕೆ ಹೋಗಬಹುದು. ಮಾಲಿನ ಮೇಲೆ ಜಿಐ ಗುರುತು, ಅದರ ಜೊತೆ ನಿಮ್ಮ ಕಾರ್ಖಾನೆಯ ಸ್ವಂತ ಟ್ರೇಡ್‌ಮಾರ್ಕ್, ಎರಡೂ ಇರಬಹುದು. ಹೂದಾನಿ 21ನೇ ವರ್ಗ, ಆಭರಣ 14.

ವಿಯೆನ್ನಾ ಅಂದರೆ ಲೋಗೊದಲ್ಲಿರುವ ಚಿತ್ರಕ್ಕೆ ಕೋಡ್ ಸಂಖ್ಯೆ ಕೊಡುವುದು, ಹೂವು, ನವಿಲು, ಮನುಷ್ಯ ಹೀಗೆ. ಮುಂದೆ ಒಂದೇ ಥರದ ಚಿತ್ರ ಹುಡುಕಲು ಅನುಕೂಲ ಅಂತ. ಕಚೇರಿಯವರೇ ಮಾಡುತ್ತಾರೆ, ದುಡ್ಡಿಲ್ಲ. ಅರ್ಜಿದಾರರ ವಿವರ ಎಲ್ಲರಿಗೂ ಕಾಣುವ ಹಾಗಿರುವುದರಿಂದ ಇಂಥ ಫೋನು ಬರುತ್ತಲೇ ಇರುತ್ತವೆ, ಫೋನ್ ಕೆಳಗಿಡಿ ಅಂತ ಹೇಳಿ. ಸ್ಥಿತಿ 'ಮಾರ್ಕ್ಡ್ ಫಾರ್ ಎಕ್ಸಾಮ್' ಅಂತ ಬದಲಾದ ಮೇಲೆ ಮಾತ್ರ ಇಮೇಲ್ ದಿನಾ ನೋಡಿ, ಸ್ಪ್ಯಾಮ್ ಡಬ್ಬಿಯನ್ನೂ ಸೇರಿಸಿ.